ಬೆಳ್ತಂಗಡಿಗಿಂತ ಹತ್ತಿರದ ಬೊಂಬಾಯಿ

ನನ್ನ ಸೋದರಮಾವನ ಕೈಬೆರಳುಗಳು ಅವರ ಮೈಕಟ್ಟಿಗೆ ಹೊಂದದಷ್ಟು ಉದ್ದವಾಗಿದ್ದವು. ಕುಳ್ಳಗಿನ ದೇಹ, ಕಣಕಾಲಿಗಿಂತ ಮೇಲೆಯೇ ನಿಲ್ಲುವ ಪಂಚೆ, ಹೆಗಲ ಮೇಲೆ ಅಂಚು ಕೂಡುವಂತೆ ಮಡಿಸಿದ ಟುವಾಲು, ನಮ್ಮ ಕಡೆಯ ಬೈರಾಸು. ಇವುಗಳ ನಡುವೆ ಆ ಬೆರಳುಗಳು ಬೇರೆ ಯಾರದೋ ಎಂಬಂತೆ ಕಾಣುತ್ತಿದ್ದವು. ಹೊತ್ತು ಇಳಿಯುವಾಗ ಅವರು ಅಂಗಳದ ಪಡುವಣ ಮೂಲೆಯಲ್ಲಿ ನಿಂತು ಬಲಗೈಯನ್ನು ನೀಳವಾಗಿ ಚಾಚಿ, ಬೆರಳುಗಳನ್ನು ಅಡ್ಡಲಾಗಿ ಜೋಡಿಸಿ, ಸೂರ್ಯನಿಗೂ ಗುಡ್ಡದ ಅಂಚಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತದೆಂದು ನೋಡುತ್ತಿದ್ದರು. ಅನಂತರ ಒಳಗೆ ಕೇಳುವಂತೆ, "ಇನ್ನು ಮೂರು ಬೆರಳು ಉಂಟು. ಎಲೆ ಹಾಕಿ" ಎನ್ನುತ್ತಿದ್ದರು. ಗೋಡೆಯ ಗಡಿಯಾರ ಇದ್ದೂ ಅದನ್ನು ಅವರು ನೋಡಿದ್ದು ನನಗೆ ನೆನಪಿಲ್ಲ.

ಸೂರ್ಯ ಮುಳುಗುವ ಮೊದಲು ಊಟ ಮುಗಿಸುವುದು ನಮ್ಮ ಜೈನ ಮನೆಗಳಲ್ಲಿ ಎಲ್ಲರೂ ಪಾಲಿಸುತ್ತಿದ್ದ ನಿಯಮ. ಮಾವ ಅದಕ್ಕೆ ಇನ್ನೊಂದನ್ನು ಸೇರಿಸಿಕೊಂಡಿದ್ದರು. ಅತ್ತೆ ತೀರಿಕೊಂಡ ಮೇಲೆ ಅವರು, ನಮ್ಮ ಬಾವಿಯಿಂದ ಸೇದಿ ಬಟ್ಟೆಯಲ್ಲಿ ಸೋಸಿದ ನೀರನ್ನಲ್ಲದೆ ಬೇರೆ ನೀರನ್ನು ಮುಟ್ಟುವುದಿಲ್ಲವೆಂದು ವ್ರತ ಹಿಡಿದರು. ಆದ್ದರಿಂದ ಎಲ್ಲಿಗೆ ಹೋದರೂ ಅವರು ಹಗಲಿನೊಳಗೆ ಮೂಡುಬಿದಿರೆಯ ಮನೆಗೆ ಮರಳಲೇಬೇಕಾಗಿತ್ತು. ಭೂಮಿಯ ಮೇಲಿನ ಊರುಗಳೆಲ್ಲ ಅವರ ಪಾಲಿಗೆ ಎರಡೇ ಬಗೆಯವು. ಬೆಳಗ್ಗೆ ಹೋಗಿ ಸಂಜೆಯ ಎಲೆಗೆ ತಲುಪಬಹುದಾದದ್ದು ಹಗಲಿನ ಊರು. ಮಿಕ್ಕಿದ್ದೆಲ್ಲ ರಾತ್ರಿಯ ಊರು. ಶಿರ್ತಾಡಿ ಹಗಲಿನ ಊರು, ಮಂಗಳೂರು ಹಗಲಿನ ಊರು, ಬಸ್ಸು ಕೈಕೊಡದಿದ್ದರೆ ಪಾಣೆಮಂಗಳೂರು ಕೂಡ. ಮೈಲಿನ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ನಾನು ಶಿಕ್ಷಕಿಯ ತರಬೇತಿಗೆ ಮಂಗಳೂರಿಗೆ ಹೋಗಬೇಕೆಂದಾಗ, ಹೆಣ್ಣುಮಗಳನ್ನು ಅಷ್ಟು ದೂರ ಕಳುಹಿಸುವುದೇ ಎಂದು ಗುಣುಗಿದ ಹಿರಿಯರಿಗೆ ಅವರು ಕೊಟ್ಟ ಉತ್ತರ ಒಂದೇ ವಾಕ್ಯದ್ದು: "ಅದು ಹಗಲಿನ ಊರಲ್ವಾ, ಮತ್ತೆಂತ ದೂರ?" ಗುಣುಗಿದವರು ಯಾರು ಯಾರೆಂಬುದನ್ನು ನಾನು ಮರೆತಿಲ್ಲ. ಅವರಲ್ಲಿ ಇಬ್ಬರು ಮುಂದೆ ತಮ್ಮ ಹೆಣ್ಣುಮಕ್ಕಳನ್ನು ನನ್ನ ತರಗತಿಗೇ ತಂದು ಸೇರಿಸಿದರು. ಆಗಲೂ ಹಿಂದಿನ ಮಾತಿನ ನೆನಪು ಅವರ ಮುಖದಲ್ಲಿ ಕಾಣಲಿಲ್ಲ.

ಈ ವಿಂಗಡಣೆಯಲ್ಲಿ ಬೆಳ್ತಂಗಡಿಯ ಸ್ಥಾನ ಮಾತ್ರ ಅನಿಶ್ಚಿತವಾಗಿತ್ತು. ನಾನು ಹೇಳಹೊರಟ ಕಹಿಯೆಲ್ಲ ಅಲ್ಲಿಂದಲೇ ಹುಟ್ಟಿದ್ದು. ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಯಜಮಾನನ ತರುವಾಯ ಬರುವವನು ಅವನ ಮಗನಲ್ಲ, ಅಕ್ಕತಂಗಿಯರ ಮಗ. ಯಜಮಾನನ ಚಿತೆಗೆ ಬೆಂಕಿ ಇಡುವವನೂ ಅವನೇ ಎಂಬುದು ನಮ್ಮ ಮನೆಯ ಕಟ್ಟು. ನಮ್ಮ ತಾಯಿ ಬೇಗ ಹೋದವರಾದ್ದರಿಂದ ನನ್ನನ್ನೂ ನನ್ನ ತಮ್ಮನನ್ನೂ ಮಾವ ಕೈಯಾರೆ ಬೆಳೆಸಿದರು. ಅವರ ಸ್ವಂತ ಮಗ ಬೆಳ್ತಂಗಡಿಯಲ್ಲಿ, ತನ್ನ ತಾಯಿಯ ಮನೆಯಲ್ಲಿ ಬೆಳೆದ. ಇದರಲ್ಲಿ ಅನ್ಯಾಯ ಯಾರದ್ದೂ ಇರಲಿಲ್ಲ. ಆ ಕಾಲದಲ್ಲಿ ನೂರು ಮನೆಗಳಲ್ಲಿ ಹಾಗೆಯೇ ನಡೆಯುತ್ತಿತ್ತು.

ಮಾವ ಮಗನನ್ನು ನೋಡಲು ಹೋಗುತ್ತಿದ್ದರು. ವೇಣೂರು ದಾರಿಯ ಬಸ್ಸಿನಲ್ಲಿ ಬೆಳಗ್ಗೆ ಹೊರಟು, ಅಲ್ಲಿ ಒಂದು ಬೊಂಡದ ಎಳನೀರು ಮಾತ್ರ ಕುಡಿದು, ಬಿಸಿಲು ಬಾಗುವ ಮೊದಲೇ ಎದ್ದುಬಿಡುತ್ತಿದ್ದರು. ಮಳೆಗಾಲದಲ್ಲಿ ಹೊಳೆ ಏರಿ ಆ ದಾರಿ ನಿಂತರೆ ಬಂಟ್ವಾಳಕ್ಕೆ ಇಳಿದು ದೊಡ್ಡ ಸುತ್ತು ಹಾಕಬೇಕಾಗುತ್ತಿತ್ತು. ಆಗ ಬೆಳ್ತಂಗಡಿ ರಾತ್ರಿಯ ಊರಾಗಿಬಿಡುತ್ತಿತ್ತು, ಮಾವ ಹೋಗುತ್ತಿರಲಿಲ್ಲ. ಮಗನ ಬಾಲ್ಯದ ಮಳೆಗಾಲಗಳೆಲ್ಲ ಹಾಗೆಯೇ ತಂದೆಯಿಲ್ಲದೆ ಕಳೆದವು. ಒಮ್ಮೆ ನಾನೂ ಜೊತೆಗೆ ಹೋಗಿದ್ದಾಗ, ಎಂಟೊಂಬತ್ತು ವರ್ಷದ ಆ ಹುಡುಗ ಬಾಗಿಲಿಗೆ ಅಡ್ಡ ನಿಂತು, "ಇವತ್ತು ಇಲ್ಲೇ ಉಣ್ಣಿ ಅಪ್ಪ" ಎಂದ. ಮಾವ ಕೈ ಚಾಚಿ ಸೂರ್ಯನನ್ನು ಅಳೆದರು. "ಬಸ್ಸು ತಪ್ಪುತ್ತದೆ ಮಗಾ, ದಾರಿ ಬಿಡು" ಎಂದರು. ಅವನು ದಾರಿ ಬಿಟ್ಟ. ಮತ್ತೆ ಎಂದೂ ಅಡ್ಡ ನಿಲ್ಲಲಿಲ್ಲ.

ಐವತ್ತರ ದಶಕದ ಆರಂಭದಲ್ಲಿ ಬಜಪೆಯ ಗುಡ್ಡದ ಮೇಲೆ ವಿಮಾನ ಇಳಿಯಲು ತೊಡಗಿತು. ಕೆಲವು ವರ್ಷಗಳ ತರುವಾಯ ನನ್ನ ತಮ್ಮನಿಗೆ ಬೊಂಬಾಯಿಯ ಒಂದು ಗಿರಣಿಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಯಜಮಾನರಾದ ಮಾವನ ಒಪ್ಪಿಗೆ ಇಲ್ಲದೆ ಅವನು ಹೊಸ್ತಿಲು ದಾಟುವಂತಿರಲಿಲ್ಲ. ಬೊಂಬಾಯಿ ಎಂಬ ಮಾತಿಗೇ ಮಾವ ತಲೆ ಅಲ್ಲಾಡಿಸಿದರು. ಹಡಗಾದರೂ ಬಸ್ಸುರೈಲಾದರೂ ನಡುವೆ ಎರಡು ರಾತ್ರಿ. ಅಂಥ ಊರಿಗೆ ಮನೆಯ ಮುಂದಿನ ಯಜಮಾನನನ್ನು ಕಳುಹಿಸುವುದು ಹೇಗೆ? ಆಗ ತಮ್ಮ ವಿಮಾನದ ಮಾತು ತೆಗೆದ.

"ಸಾಂತಾಕ್ರೂಜಿನಿಂದ ಬಜಪೆಗೆ ಮೂರು ಗಂಟೆ ಮಾವ."

"ಮೂರು ದಿನವಾ?"

"ಗಂಟೆ. ಬೆಳಗ್ಗೆ ಅಲ್ಲಿ ಚಾ ಕುಡಿದವ ಮಧ್ಯಾಹ್ನ ಇಲ್ಲಿ ಉಣ್ಣಬಹುದು."

ಮಾವ ನಂಬಲಿಲ್ಲ. ತಾವೇ ನೋಡಿ ಬರುವುದೆಂದು ನಮ್ಮಿಬ್ಬರನ್ನೂ ಕರೆದುಕೊಂಡು ಬಜಪೆಗೆ ಹೊರಟರು. ಅದು ನಿಸ್ಸಂದೇಹವಾಗಿ ಹಗಲಿನ ಊರು. ಬೇಲಿಯ ಹೊರಗೆ ವಿಮಾನ ನೋಡಲು ಬಂದ ಜನರ ಗುಂಪು. ಮಾವ ಗೇಟಿನ ಬಳಿ ಇದ್ದ ಬಿಳಿ ಸಮವಸ್ತ್ರದವನ ಹತ್ತಿರ ಹೋಗಿ, ಬೊಂಬಾಯಿ ಇಲ್ಲಿಂದ ಎಷ್ಟಾಗುತ್ತದೆ ಎಂದು ವಿನಯದಿಂದಲೇ ವಿಚಾರಿಸಿದರು.

"ಮೇಲಿಂದ ಹೋದರೆ ನಾನೂರು ಚಿಲ್ಲರೆ ಮೈಲು. ಎಂತ ಅಜ್ಜ, ನಡೆದುಕೊಂಡು ಹೋಗ್ಲಿಕ್ಕುಂಟಾ?" ಎಂದ ಆತ, ಸುತ್ತಲಿನವರು ನಗುವಂತೆ.

ಮಾವ ನಗುವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. "ಮೈಲು ಬೇಡ. ಬೆಳಗ್ಗೆ ಅಲ್ಲಿಂದ ಹೊರಟದ್ದು ಹೊತ್ತು ಮುಳುಗುವ ಮೊದಲು ಇಲ್ಲಿ ಇಳಿಯುತ್ತದೋ, ಅಷ್ಟು ಹೇಳಿ" ಎಂದರು.

"ಹೊತ್ತು ನೆತ್ತಿಗೆ ಬರುವ ಮೊದಲೇ ಇಳಿಯುತ್ತದೆ."

ಆ ಮನುಷ್ಯನ ಮೀಸೆಯ ಆಕಾರ ಕೂಡ ನನಗೆ ನೆನಪಿದೆ. ಅಜ್ಜ ಎಂದು ಕರೆಯುವಷ್ಟು ವಯಸ್ಸು ಮಾವನಿಗೆ ಆಗಿರಲಿಲ್ಲ. ಊರಿನ ಬಸದಿಯೊಂದರ ಮೊಕ್ತೇಸರರನ್ನು ಬೇಲಿಯ ಬಳಿ ಹಾಗೆ ನಗೆಗೀಡು ಮಾಡುವ ಅಧಿಕಾರವೂ ಆತನಿಗೆ ಇರಲಿಲ್ಲ. ಆದರೆ ಮಾವ ಹಿಂತಿರುಗುವಾಗ ಬಸ್ಸಿನಲ್ಲಿ ಹುಡುಗರಂತೆ ಹಿಗ್ಗಿದ್ದರು. ಅಲ್ಲಿಂದ ಬೆಳಗ್ಗೆ ಹೊರಟವನು ಸಂಜೆಯ ಎಲೆಗೆ ಮನೆ ಸೇರಬಹುದಾದ್ದರಿಂದ ಬೊಂಬಾಯಿ ಹಗಲಿನ ಊರಾಗಿತ್ತು. ತಮ್ಮನಿಗೆ ಅಪ್ಪಣೆ ಸಿಕ್ಕಿತು.

ಅಂದಿನಿಂದ ಮಾವನಿಗೆ ಅದೊಂದು ಗೀಳಾಯಿತು. ಬಸದಿಯ ಚಾವಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಬಸ್ಸಿಗೆ ಕಾಯುವವರ ನಡುವೆ ಅವರು ಹೇಳುತ್ತಿದ್ದ ಮಾತು ಒಂದೇ: "ಈಗ ನಮಗೆ ಬೆಳ್ತಂಗಡಿಗಿಂತ ಬೊಂಬಾಯಿ ಹತ್ತಿರ ಮಾರಾಯ." ಮಳೆಗಾಲದ ಬಂಟ್ವಾಳದ ಸುತ್ತನ್ನೂ ಬಸ್ಸಿನ ಕಾಯುವಿಕೆಯನ್ನೂ ಕೂಡಿಸಿದರೆ ಅದು ಸುಳ್ಳೂ ಆಗಿರಲಿಲ್ಲ. ಜನ ನಗುತ್ತಿದ್ದರು. ಮಾವನಿಗೆ ಆ ನಗು ಹಿಡಿಸಿತ್ತು. ಮಿತಭಾಷಿಗಳಾದ ಅವರಿಗೆ ಜನರನ್ನು ನಗಿಸಲು ಸಿಕ್ಕಿದ ಮೊದಲ ಮಾತು ಅದು. ಅದು ಬಿದ್ದ ಕಡೆ ಏನನ್ನು ಸುಡುತ್ತದೆಂದು ಅವರು ಯೋಚಿಸಲಿಲ್ಲ.

ಮನೆಯಲ್ಲಿ ಒಂದು ವಿಶೇಷ ಪೂಜೆಯ ದಿನ ಅವರ ಮಗ ಬಂದಿದ್ದ. ಮೀಸೆ ಮೂಡಿದ್ದ ಯುವಕ. ಬೆಳ್ತಂಗಡಿಯಲ್ಲಿ ಆಗಲೇ ವ್ಯಾಪಾರ ಹಿಡಿದಿದ್ದ. ಊಟದ ತರುವಾಯ ಜಗಲಿಯಲ್ಲಿ ನೆಂಟರ ಮುಂದೆ ಮಾವ ಅದೇ ಮಾತನ್ನು ಹೇಳಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಾನು ಹೋದರೆ ತಂತಿ ಕೊಟ್ಟು ಮೂರು ಗಂಟೆ ಕಾಯಿರಿ. ಅಳಿಯ ಬಂದು ನಿಲ್ಲುತ್ತಾನೆ. ಅವನೇ ಬೆಂಕಿ ಇಡಬೇಕು, ಬೇರೆಯವರಿಗೆ ತೊಂದರೆ ಬೇಡ" ಎಂದರು. ಬೇರೆಯವರು ಎಂಬ ಮಾತು ಬಂದಾಗ ಮಗ ವೀಳ್ಯದ ತಟ್ಟೆಯಿಂದ ಕೈ ಹಿಂದೆಗೆದ. ನಾನು ಬಾಗಿಲ ಮರೆಯಲ್ಲಿದ್ದೆ, ಕಂಡೆ. ಅವನು ನಗುತ್ತಲೇ, "ಮೂರು ಗಂಟೆ ಅಲ್ವಾ ಅಪ್ಪ, ಆಯ್ತು, ನೆನಪಿಟ್ಟುಕೊಳ್ತೇನೆ" ಎಂದ. ಎಲ್ಲರೂ ನಕ್ಕರು. ಮಾವ ಎಲ್ಲರಿಗಿಂತ ಹೆಚ್ಚು ನಕ್ಕರು.

ಅವನು ನೆನಪಿಟ್ಟುಕೊಂಡ.

ಅರುವತ್ತರ ದಶಕದಲ್ಲಿ, ಚಳಿ ಕಳೆದು ಬಿಸಿಲು ಏರತೊಡಗಿದ ದಿನಗಳಲ್ಲಿ ಮಾವ ಮಲಗಿದರು. ಎದೆಯ ನೋವು, ವೈದ್ಯರು ಕೈ ಚೆಲ್ಲಿದರು. ನಾನು ಅಂಚೆ ಕಚೇರಿಗೆ ಹೋಗಿ ಬೊಂಬಾಯಿಗೂ ಬೆಳ್ತಂಗಡಿಗೂ ತಂತಿ ಕೊಟ್ಟೆ. ಮರುದಿನ ಬೆಳಗು ಹರಿಯುವಾಗ ಅವರ ಉಸಿರು ನಿಂತಿತು. ಬೆಳ್ತಂಗಡಿಯ ಮಗ ಮೊದಲ ಬಸ್ಸಿಗೇ ಬಂದ. ಸ್ವಲ್ಪ ಹೊತ್ತಿನಲ್ಲಿ ಬೊಂಬಾಯಿಯಿಂದ ಉತ್ತರದ ತಂತಿ ಬಂತು: ಇಂದಿನ ವಿಮಾನದಲ್ಲಿ ಬರುತ್ತೇನೆ, ಕಾಯಿರಿ. ಎಷ್ಟು ಹೊತ್ತಿನ ವಿಮಾನವೆಂದು ಅದರಲ್ಲಿ ಇರಲಿಲ್ಲ.

ಜೀವ ಹೋದ ದೇಹವನ್ನು ಹೆಚ್ಚು ಹೊತ್ತು ಇರಿಸಿಕೊಳ್ಳುವುದು ನಮ್ಮಲ್ಲಿ ಸಲ್ಲದು. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹುಟ್ಟುತ್ತವೆ, ಅವುಗಳ ಹಿಂಸೆಯಾಗುತ್ತದೆ ಎಂಬ ನಂಬಿಕೆ. ಹೊತ್ತು ಮುಳುಗಿದ ಮೇಲೆ ದಹನವಂತೂ ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಬಸದಿಯ ಪೂಜೆ ಮಾಡುವ ಇಂದ್ರರನ್ನು ಕೇಳಿದರು. ಅವರು ಆಕಾಶ ನೋಡಿ, "ಬೇಗ ಆದರೆ ಒಳ್ಳೆಯದು. ಆದರೆ ಹಗಲು ಉಂಟು. ಕರ್ಮ ಮಾಡುವವನು ಬರುವುದಾದರೆ ಕಾಯಬಹುದು" ಎಂದರು. ಆದ್ದರಿಂದ ಕಾದರು. ಮಾವನ ಮಗ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಕೈಗಡಿಯಾರವನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತ.

ಹೊತ್ತು ನೆತ್ತಿಗೆ ಬಂತು, ನೆತ್ತಿಯಿಂದ ಜಾರಿತು. ಅವನು ಎದ್ದ.

"ವಿಮಾನ ಬೆಳಗ್ಗೆ ಹೊರಡುತ್ತದೆ, ಮೂರು ಗಂಟೆಯಲ್ಲಿ ಬಜಪೆ. ಬಜಪೆಯಿಂದ ಇಲ್ಲಿಗೆ ಕಾರಿನಲ್ಲಿ ಎಷ್ಟು ಬೇಕು? ಅದಕ್ಕೂ ಹೊತ್ತು ಬಿಟ್ಟೆವು. ಬೊಂಬಾಯಿಯ ಭಾವ ಬರುವುದಿದ್ದರೆ ಬಂದು ಉಂಡು ಕೈ ತೊಳೆಯುವ ಹೊತ್ತಾಯ್ತು. ಇನ್ನು ಎತ್ತುವ."

ಗಂಡಸರ ನಡುವೆ ನಾನು ಮಾತಾಡುವುದು ವಾಡಿಕೆಯಲ್ಲ. ಆದರೂ ಜಗಲಿಗೆ ಬಂದು ಹೇಳಿದೆ: ವಿಮಾನ ಎಲ್ಲ ದಿನ ಒಂದೇ ಹೊತ್ತಿಗೆ ಹೊರಡುವುದಿಲ್ಲ. ವಾರದಲ್ಲಿ ಕೆಲವು ದಿನ ಅದು ಮಧ್ಯಾಹ್ನದ ಹತ್ತಿರ ಹೊರಟು, ನಡುವೆ ಬೆಳಗಾವಿಯಲ್ಲಿ ಇಳಿದು ಬರುತ್ತದೆ. ಹಿಂದಿನ ವರ್ಷ ತಮ್ಮ ರಜೆಗೆ ಬಂದಾಗ ಇದೇ ವಾರದ ದಿನ ನಾನು ಬಜಪೆಯ ಬಿಸಿಲಲ್ಲಿ ಕಾದು ನಿಂತಿದ್ದೇನೆ. ಇವತ್ತು ಅಂಥ ದಿನ. ಅವನು ಹೊತ್ತು ಮುಳುಗುವ ಮೊದಲು ಖಂಡಿತ ಬರುತ್ತಾನೆ.

"ಅತ್ತಿಗೆಗೆ ವಿಮಾನ ಬಿಡ್ಲಿಕ್ಕೂ ಬರ್ತದೆ ಅಂತ ಗೊತ್ತಿರಲಿಲ್ಲ" ಎಂದ ಅವನು. ಸೋದರಮಾವನ ಮಗನಾದ್ದರಿಂದ ಅವನು ನನ್ನನ್ನು ಹಾಗೆಯೇ ಕರೆಯುತ್ತಿದ್ದ.

ಒಬ್ಬಿಬ್ಬರು ಬೈರಾಸಿನಲ್ಲಿ ಬಾಯಿ ಮುಚ್ಚಿಕೊಂಡರು. ಹೆಣ ಜಗಲಿಯಲ್ಲಿ ಇದ್ದಾಗ ನಕ್ಕವರು ಅವರು. ಹೆಸರು ಬರೆಯುವುದು ಈ ಬರಹದ ಕ್ರಮವಲ್ಲವೆಂದು ಬಿಟ್ಟಿದ್ದೇನೆ.

"ನನ್ನ ಮಾತು ಬೇಡ, ಮಾವನ ಮಾತಿಗಾದರೂ ಬೆಲೆ ಕೊಡು" ಎಂದೆ. "ಅಳಿಯನೇ ಬೆಂಕಿ ಇಡಬೇಕು ಅಂತ ಇದೇ ಜಗಲಿಯಲ್ಲಿ ಹೇಳಿದ್ದನ್ನು ನೀನೂ ಕೇಳಿದ್ದಿ."

"ಕೇಳಿದ್ದೇನೆ. ಮೂರು ಗಂಟೆ ಕಾಯಿರಿ ಅಂದದ್ದನ್ನೂ ಕೇಳಿದ್ದೇನೆ. ಅದರ ಎರಡರಷ್ಟು ಕಾದೆ." ಅವನ ದನಿ ಏರಲಿಲ್ಲ. ಆಮೇಲೆ ನನ್ನನ್ನು ಬಿಟ್ಟು ಜಗಲಿಯಲ್ಲಿ ಮಲಗಿದ್ದ ತಂದೆಯ ಕಡೆ ನೋಡಿ ಹೇಳಿದ: "ಬೆಳ್ತಂಗಡಿಗಿಂತ ಬೊಂಬಾಯಿ ಹತ್ತಿರ ಅಂತ ಊರಿಗೆಲ್ಲ ಹೇಳಿದಿರಲ್ಲ ಅಪ್ಪ. ದೂರದವ ನಾನು ಬೆಳಗ್ಗೆಯೇ ಬಂದು ಕೂತಿದ್ದೇನೆ. ಹತ್ತಿರದವ ಎಲ್ಲಿ?"

ನಾನು ಇಂದ್ರರ ಮುಖ ನೋಡಿದೆ. "ಹಗಲಂತೂ ಉಂಟು" ಎಂದು ಅವರು ಮೆಲ್ಲನೆ ಅಂದರು. ಮನೆಯವರು ತೀರ್ಮಾನಿಸಿದ ಹಾಗೆ ಎಂದು ಸೇರಿಸಿದರು. ಮನೆಯವರೆಂದರೆ ಯಾರು? ಯಜಮಾನರು ಚಾಪೆಯ ಮೇಲೆ, ಯಜಮಾನನಾಗಬೇಕಾದವನು ಆಕಾಶದಲ್ಲಿ. ಮಿಕ್ಕ ಗಂಡಸರಿಗೆ ಹಸಿವಾಗಿತ್ತು. ದಹನ ಮುಗಿದು ಸ್ನಾನವಾಗದೆ ಯಾರೂ ಉಣ್ಣುವಂತಿರಲಿಲ್ಲ. ಹೊತ್ತು ಮುಳುಗಿದರೆ ಅಂದಿನ ಊಟವೇ ಇಲ್ಲ. ಯಾವ ಶಾಸ್ತ್ರಕ್ಕಿಂತಲೂ ಹೆಚ್ಚಾಗಿ ಆ ಹಸಿವೇ ಮಾವನನ್ನು ಎತ್ತಿಸಿತೆಂದು ನಾನು ಅಂದೂ ತಿಳಿದಿದ್ದೆ, ಇಂದೂ ಹಾಗೆಯೇ ತಿಳಿದಿದ್ದೇನೆ.

ಅವರು ಎತ್ತಿದರು. ಹೆಂಗಸರು ಸುಡುವಲ್ಲಿಗೆ ಹೋಗುವುದಿಲ್ಲ. ಗದ್ದೆಯ ಆಚೆಯ ಬದಿಯಿಂದ ಹೊಗೆ ಏಳುವುದನ್ನು ನಾನು ಅಂಗಳದಿಂದ ನೋಡಿದೆ. ಹೊಗೆ ದಟ್ಟವಾಗಿ ನೇರ ನಿಂತಿದ್ದಾಗ ಬಡಗಣ ದಿಕ್ಕಿನಿಂದ ವಿಮಾನದ ಸದ್ದು ಬಂತು. ವಾರದಲ್ಲಿ ಎಷ್ಟೋ ಸಲ ಕೇಳಿದ ಸದ್ದು. ಆ ಹೊತ್ತಿನಲ್ಲಿ ಅದು ಯಾವ ವಿಮಾನವೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಬಜಪೆಯ ಕಡೆ ತಗ್ಗುತ್ತ ಹೋಯಿತು.

ತಮ್ಮ ಬಾಡಿಗೆ ಕಾರಿನಲ್ಲಿ ಬಂದಿಳಿದಾಗ ಬಿಸಿಲು ಇನ್ನೂ ತೆಂಗಿನ ಮರಗಳ ತಲೆಯ ಮೇಲಿತ್ತು. ಸುಡುವಲ್ಲಿಂದ ಬಂದವರು ಬಾವಿಕಟ್ಟೆಯಲ್ಲಿ ಸ್ನಾನ ಮುಗಿಸಿ, ಒದ್ದೆ ತಲೆಯಲ್ಲೇ ಒಳಗೆ ಎಲೆಯ ಮುಂದೆ ಕುಳಿತಿದ್ದರು. ಅವನು ಖಾಲಿ ಜಗಲಿಯನ್ನು ನೋಡಿದ. ನನ್ನನ್ನು ನೋಡಿದ. ಮಾವನ ಮಗ ಪಂಕ್ತಿಯಿಂದ ಎದ್ದು ಬಾಗಿಲಿಗೆ ಬಂದು, "ಬಾ ಭಾವ. ಕಾದೆವು, ಮೂರು ಗಂಟೆಗಿಂತ ಹೆಚ್ಚೇ ಕಾದೆವು" ಎಂದ. ಅವನ ದನಿಯಲ್ಲಿ ಗೆದ್ದ ಸುಖ ಇರಲಿಲ್ಲ ಎಂಬುದನ್ನು ಬರೆಯದಿದ್ದರೆ ನಾನು ಸುಳ್ಳು ಬರೆದಂತಾಗುತ್ತದೆ. ಅವನ ಕಣ್ಣು ಕೆಂಪಾಗಿತ್ತು. ಹೊಗೆಯಿಂದಲೋ ಬೇರೆ ಯಾವುದರಿಂದಲೋ ನಾನು ವಿಚಾರಿಸಲಿಲ್ಲ. ಆ ದಿನದ ತರುವಾಯ ಅವನೊಡನೆ ನಾನು ಮಾತಾಡಿಲ್ಲ.

ತಮ್ಮ ಬೂಟು ಕಳಚಿ ಕೈಯಲ್ಲಿ ಹಿಡಿದು ಗದ್ದೆಯ ಬದುವಿನ ಮೇಲೆ ನಡೆದುಹೋದ. ಹಿಂದಿರುಗಿ ಬಂದಾಗ ಹಗಲು ಮುಗಿದಿತ್ತು. ಅವನು ಉಣ್ಣಲಿಲ್ಲ. ಬೊಂಬಾಯಿಗೆ ಮರಳಿದವನು ಆಮೇಲೆ ಊರಿಗೆ ಬಂದದ್ದು ವರ್ಷಕ್ಕೊಮ್ಮೆ, ಅದೂ ಬಸ್ಸುರೈಲಿನಲ್ಲಿ, ಎರಡು ರಾತ್ರಿ ನಿದ್ದೆಗೆಟ್ಟು. ವಿಮಾನ ಇರುವಾಗ ಹೀಗೇಕೆ ಮೈ ನೋಯಿಸಿಕೊಳ್ಳುತ್ತೀ ಎಂದು ಒಮ್ಮೆ ಕೇಳಿದೆ. "ವಿಮಾನದಲ್ಲಿ ಬರುವವನನ್ನು ಜನ ಗಡಿಯಾರ ಹಿಡಿದು ಕಾಯ್ತಾರೆ ಅಕ್ಕ. ಬಸ್ಸಿನಲ್ಲಿ ಬರುವವ ಯಾವಾಗ ಬಂದರೂ ಬಂದ ಅಂತಲೇ ಲೆಕ್ಕ" ಎಂದ.

ಮಾವನ ಮೇಲೂ ನನಗೆ ಸಿಟ್ಟು ಉಂಟು. ಹೆತ್ತ ಮಗನನ್ನು ಜನರ ನಗೆಗಾಗಿ ದೂರ ಮಾಡಿದ್ದು ಅವರೇ. ಎರಡು ನಿಲ್ದಾಣಗಳ ನಡುವಿನ ಹಾರಾಟದ ಹೊತ್ತನ್ನು ಎರಡು ಮನೆಗಳ ನಡುವಿನ ದೂರವೆಂದು ನಂಬಿ, ಊರನ್ನೂ ನಂಬಿಸಿದ್ದೂ ಅವರೇ. ತಂತಿ ಮುಟ್ಟಬೇಕು, ಟಿಕೆಟು ಸಿಗಬೇಕು, ವಿಮಾನದ ದಿನ ಕೂಡಿಬರಬೇಕು, ಬಜಪೆಯ ಗುಡ್ಡ ಇಳಿದು ಮೂಡುಬಿದಿರೆಯ ದಾರಿ ಹಿಡಿಯಬೇಕು. ಆ ಮೂರು ಗಂಟೆಯಲ್ಲಿ ಇವು ಯಾವುವೂ ಸೇರಿರಲಿಲ್ಲ.

ಆದರೂ ನನ್ನ ಓದು, ನನ್ನ ಕೆಲಸ, ಎದೆಯೆತ್ತಿ ನಡೆದ ನನ್ನ ಇಡೀ ಬಾಳು ಅವರು ಕೊಟ್ಟದ್ದು. ಮನೆಯಿಂದ ಯಾರು ಎಲ್ಲಿಗೆ ಹೊರಟರೂ ಅವರು ಗಂಡಸರನ್ನೆಲ್ಲ ಬಿಟ್ಟು ನನ್ನನ್ನು ಒಳಗಿನಿಂದ ಕರೆದು, "ಎಷ್ಟು ಹೊತ್ತಿಗೆ ತಲುಪುತ್ತಾರೆ ಮಗಾ?" ಎಂದು ಕೇಳುತ್ತಿದ್ದರು, ನಾನು ಹೇಳಿದ ಹೊತ್ತಿಗೆ ಅನ್ನ ಇಡಿಸುತ್ತಿದ್ದರು. ಆ ಮನೆಯಲ್ಲಿ ನನ್ನ ಮಾತನ್ನು ನಂಬುತ್ತಿದ್ದವರು ಅವರೊಬ್ಬರೇ. ಆ ಮಧ್ಯಾಹ್ನ ಅವರು ನನ್ನ ಪಕ್ಕದಲ್ಲೇ, ಜಗಲಿಯ ಚಾಪೆಯ ಮೇಲೆ, ಮುಖದ ತನಕ ಬಿಳಿ ಬಟ್ಟೆ ಹೊದ್ದು ಮಲಗಿದ್ದರು.